ಕೂಳೆ

ಗುತ್ತಲು ರಸ್ತೆಯ ಟೈರಂಗಡಿಯ ಮಾಳಿಗೆಯಲ್ಲಿ
ನಾವು ಮೂವರು, ಎರಡು ಫ್ಯಾನು,
ಕೆಳಗಿನಿಂದ ರಬ್ಬರು ಬೇಯುವ ವಾಸನೆ.
ಆಲೆಮನೆಗಳ ತೂಕದ ಲೆಕ್ಕ ಬರೆದುಕೊಡುತ್ತೇವೆಂದು
ಮುಂಗಡ ಹಿಡಿದಾಗಿತ್ತು.
ಹೊಸದಾಗಿ ನಾಟಿ ಮಾಡಲು ಹೊತ್ತಿರಲಿಲ್ಲ.

ಹುಡುಕುತ್ತ ಹೋದರೆ ಸಿಕ್ಕಿತು
"ತಕ್ಕಡಿ" ಎಂಬ ಹಳೆಯ ಕೋಡು.
ಕೊನೆಯ ತಿದ್ದುಪಡಿ ಒಂಬತ್ತು ವರ್ಷದ ಹಿಂದೆ,
ಹೊಸತೊಡಕಿನ ದಿನ.
ಊರೆಲ್ಲ ತೊಡಗುವ ದಿನ ಇವರು ಬಿಟ್ಟಿದ್ದರು.
ಬಾಗಿಲಲ್ಲೇ ಬರಹ:
"ಇನ್ನು ನೋಡಿಕೊಳ್ಳಲಾರೆ. ಬೇಕಾದವರು ಬಳಸಿ.
ದೇವಾಜಮ್ಮಣ್ಣಿ, ಪಾಲಿಟೆಕ್ನಿಕ್ಕು, ಕೃಷ್ಣರಾಜಪೇಟೆ."
ಒಳಗೆ ನಲವತ್ತೊಂದು ದೂರು, ಉತ್ತರವಿಲ್ಲದೆ,
ಬಸ್ಸು ನಿಂತುಹೋದ ಊರಿನ ತಂಗುದಾಣದಲ್ಲಿ
ಇನ್ನೂ ಕೂತವರ ಹಾಗೆ.

ಅನಾಥ, ಅಂದಳು ಫರ್ಹೀನ್.
ಅಲ್ಲ, ಕೂಳೆ, ಅಂದ ಸೋಮಾಚಾರಿ.
ಕಬ್ಬು ಕಡಿದ ಗದ್ದೆ ನೋಡಿಲ್ಲವಾ?
ಮೇಲೆ ಏನೂ ಇಲ್ಲ. ಬೇರು ಮಾತ್ರ
ನಾಲೆಯ ಸದ್ದಿಗೆ ಕಿವಿಗೊಟ್ಟಿರುತ್ತೆ.

ಆದರೂ ಕೇಳದೆ ಕೈಹಾಕುವುದು ಹೇಗೆ?
ಕಾಗದ ಬರೆದೆ. ಹನ್ನೆರಡನೆಯ ದಿನ ಫೋನು:
"ಪರವಾನಗಿ ಮೇಲೇ ಹಾಕಿದ್ದೀನಲ್ಲ, ಓದಲಿಲ್ಲವಾ?
ನನ್ನ ಹೆಸರು ಇದ್ದಲ್ಲೇ ಇರಲಿ, ಕೆಳಗೆ ನಿಮ್ಮದು ಬರೀರಿ.
ತಕ್ಕಡಿ ಅನ್ನಬೇಡಿ ಮಾತ್ರ, ಬೇರೆ ಹೆಸರಿಡಿ.
ನಿಮ್ಮ ತಪ್ಪಿಗೆ ನಡುರಾತ್ರಿ ನನ್ನ ಫೋನು ಬಡಿದುಕೊಳ್ಳೋದು ಬೇಡ."
ಹಿಂದೆ ಕುಕ್ಕರು ಕೂಗಿತು. ಇಟ್ಟುಬಿಟ್ಟರು.

ಕೂಳೆ ಸವರುವುದೆಂದರೆ
ನೆಲಕ್ಕೆ ಹತ್ತಿಕೊಂಡೇ ಕುಡುಗೋಲು ಆಡಬೇಕು;
ಮೇಲೆ ಬಿಟ್ಟರೆ ಗಾಳಿಗೆ ಬೀಳುವ ಮರಿ,
ಆಳಕ್ಕೆ ಹೋದರೆ ಕಣ್ಣೇ ಹೋಯಿತು.
ಸತ್ತ ಸರ್ವರಿಗೆ ಕೈಚಾಚುವ ಸಾಲುಗಳು,
ಯಾರ ಬಳಿಯೂ ಇಲ್ಲದ ಪ್ರಿಂಟರಿನ ಭಾಷೆ,
ಬಾಗಿಲಿಗೇ ನೇತುಹಾಕಿದ ಬೀಗದಕೈಯಂಥ ಪಾಸ್‌ವರ್ಡು,
ರವದಿಯನ್ನೆಲ್ಲ ಎಳೆದು ಬದುವಿಗೆ ಹಾಕಿದೆವು.
ಹಳೆಯ ದಿನಚರಿ ಮಾತ್ರ ಮುಟ್ಟಲಿಲ್ಲ:
ಯಾವ ಸಾಲು, ಯಾವ ದಿನ, ಯಾರ ಕೈ.

ಒಂದು ಸಾಲು ನನ್ನ ಕಣ್ಣಿಗೆ ಚುಚ್ಚಿತು:
ಏಳು ಸೆಕೆಂಡು ಸುಮ್ಮನಿರು.
ಕಾರಣವಿಲ್ಲ, ಟಿಪ್ಪಣಿಯಿಲ್ಲ.
ಗಾಡಿಗೊಂದು ಏಳು ಸೆಕೆಂಡು!
ಸೋಮಾರಿ ಸಾಲು, ಅಂದೆ. ಅಳಿಸಿದೆ.
ಎಷ್ಟು ಚುರುಕಾಯಿತೆಂದು ಟೀ ಕುಡಿದೆವು,
ನಾನೇ ಕೊಡಿಸಿದೆ.

ಕೀಲಾರದ ಆಲೆಮನೆಯಲ್ಲಿ ಮೊದಲ ದಿನ
ಒಂದೇ ಗಾಡಿ, ಮೂರು ಸಲ, ಮೂರು ತೂಕ.
ಕೊಪ್ಪರಿಗೆಯ ಹಬೆಯೊಳಗಿಂದ
ತೂಕದ ಬೋರಲಿಂಗು ನಕ್ಕ:
"ಕೋಡಲ್ಲಿ ತಪ್ಪು ಕೋಡಲ್ಲಿ ತಪ್ಪು ಅಂತೀರಿ,
ಕೋಡು ಇರೋದು ಎತ್ಗೆ ಕನವ್ವ!
ಹಲಗೆ ಹತ್ತಿದ್ ಎತ್ತು ಕಾಲು ಬದ್ಲಾಯಿಸ್ತದೆ.
ಅದು ನಿಲ್ಲೋಗಂಟ ತಡೀಬೇಕು.
ಆ ಮೇಡಮ್ಮು ವಾರಗಟ್ಲೆ ಇಲ್ಲೇ ಕುಂತು
ಗಡಿಯಾರ ನೋಡ್ಕಂಡು ಎಣಿಸ್ತಿದ್ರು."

ಆ ರಾತ್ರಿ ಆ ಸಾಲನ್ನು ದಿನಚರಿಯಿಂದ ಎತ್ತಿ
ಮತ್ತೆ ಅಲ್ಲೇ ಊರಿದೆ.
ಅಳಿಸಿದವಳು ನಾನು, ಊರಿದವಳೂ ನಾನು,
ಎರಡೂ ಪಟ್ಟಿಯಲ್ಲಿವೆ, ಯಾರು ಬೇಕಾದರೂ ನೋಡಬಹುದು.
ಆಮೇಲೆ ಒಂದು ಪರೀಕ್ಷೆ ಬರೆದೆ:
ನಿಂತಲ್ಲಿ ನಿಲ್ಲದ ಎತ್ತೊಂದನ್ನು
ಬರೀ ಅಂಕಿಗಳಲ್ಲಿ ಕಟ್ಟಿಹಾಕಿದೆ,
ಮುಂದೆ ಯಾರೇ ಆ ಸಾಲು ಮುಟ್ಟಿದರೂ
ಝಾಡಿಸಿ ಒದೆಯುವಂತೆ.

ನಲವತ್ತೊಂದು ಜನಕ್ಕೂ ಬರೆದೆವು:
ಹೊಸ ಹೆಸರು ಕೂಳೆ, ಹೊಸ ವಿಳಾಸ ಇದು,
ಇನ್ನು ನಮ್ಮನ್ನು ಬೈಯಬಹುದು.
ಹೆಚ್ಚಿನವರು ಬೇರೆ ದಾರಿ ಹಿಡಿದಾಗಿತ್ತು.
ಯಾರೋ ಒಬ್ಬರು ಮಳವಳ್ಳಿಯಿಂದ:
"ಈಗ ಬಂದ್ರಾ? ಆಲೆಮನೆ ಮಾರಿ ಐದು ವರ್ಷವಾಯ್ತು.
ಇರಲಿ, ನಾನು ಕೇಳಿದ್ದಕ್ಕೆ ಉತ್ತರವಾದರೂ ಹೇಳಿ."

ಹೋಗಿ ನೋಡಿದೆ. ಹದಿನೇಳನೆಯ ದೂರು.
ನಾನು ಓದದೆ ದಾಟಿದ್ದು:
ಆ ಏಳು ಸೆಕೆಂಡು ಯಾಕೆ?

ಎತ್ತು, ಎಂದು ಬರೆದೆ.